ಸಂಪಾದಕರ ಉತ್ತರ: ಕಳಲೆ ನೆನೆಹಾಕಿದ ಪಾತ್ರೆಯ ಪಕ್ಕದಲ್ಲಿ

ಓದುಗರೊಬ್ಬರ ಪತ್ರ ಇದು. ಹೆಸರು ಹಾಕುವುದು ಬೇಡ ಎಂದಿದ್ದಾರೆ.

"ನಾವು ವಿಜಯಪುರ ಜಿಲ್ಲೆಯವರು. ಯಜಮಾನರಿಗೆ ಬ್ಯಾಂಕಿನ ಕೆಲಸ, ವರ್ಗವಾಗಿ ತೀರ್ಥಹಳ್ಳಿ ಕಡೆಗೆ ಬಂದಿದ್ದೇವೆ. ಮಳೆ ಹಿಡಿದಾಗಿನಿಂದ ಪಕ್ಕದ ಮನೆಯ ಅಕ್ಕ ಏನಾದರೂ ಮಾಡಿದಾಗೆಲ್ಲ ಒಂದು ಡಬ್ಬಿ ನಮಗೂ ಕಳಿಸುತ್ತಾರೆ. ಒಂದು ದಿನ ಕಳಲೆ, ಎಂದರೆ ಎಳೆ ಬಿದಿರಿನ ಮೊಳಕೆಯ, ಪಲ್ಯ ಬಂತು. ಮುಚ್ಚಳ ತೆಗೆದಾಗ ಬಂದ ವಾಸನೆಗೇ ನನ್ನ ಕೈ ಹಿಂದೆ ಸರಿಯಿತು. ಇನ್ನೊಂದು ದಿನ ಪತ್ರೊಡೆ. ಕೆಸುವಿನ ಎಲೆ ಗಂಟಲು ಕೆರೆಯುತ್ತದೆ ಎಂದು ಕೇಳಿದ್ದೆ, ಅದನ್ನೂ ತಿನ್ನಲಿಲ್ಲ. ಮಾರನೇ ದಿನ ಅಕ್ಕ ಕೇಳಿದಾಗ ಹೊಟ್ಟೆ ಸರಿ ಇಲ್ಲ ಎಂದುಬಿಟ್ಟೆ. ಸಂಜೆ ಹೊತ್ತಿಗೆ ಜೀರಿಗೆ ಕಷಾಯ ಮಾಡಿ ಕಳಿಸಿದರು. ಆ ಲೋಟ ನೋಡಿ ಅಳು ಬಂತು. ಆಚೆ ಬೀದಿಯ ಒಂದು ಮನೆಯಲ್ಲಿ ಚಗಳಿ ಇರುವೆಯ ಚಟ್ನಿ ಮಾಡುತ್ತಾರಂತೆ, ನಾವು ಸಸ್ಯಾಹಾರಿಗಳು. ಗುರುತಿಲ್ಲದ ಊಟಕ್ಕೆ ಹೆದರುವುದು ತಪ್ಪೇ? ಮನಸ್ಸಿಲ್ಲದಿದ್ದರೂ ತಿನ್ನಬೇಕೇ? ಆರು ವರ್ಷದ ಮಗ ನನ್ನ ಮುಖ ನೋಡಿ ತಾನೂ ಬೇಡ ಅನ್ನುತ್ತಿದ್ದಾನೆ. ಅವನಿಗೆ ಏನು ಹೇಳಲಿ?"

ಪ್ರಿಯ ಸೋದರಿ,

ನಿಮ್ಮ ಪತ್ರವನ್ನು ನಾನು ಎರಡು ಸಲ ಓದಿದೆ. ಕಷಾಯದ ಲೋಟದ ಹತ್ತಿರ ಬಂದಾಗ ಎರಡು ಸಲವೂ ನಿಂತೆ. ನಿಮಗೆ ನೋವಾದದ್ದು ಕಳಲೆಯಿಂದಲ್ಲ, ಆ ಅಕ್ಕನ ಹತ್ತಿರ ಸುಳ್ಳು ಹೇಳಬೇಕಾಯಿತಲ್ಲ ಎಂದು. ಅದಕ್ಕೆ ಆಮೇಲೆ ಬರುತ್ತೇನೆ.

ಹೆದರುವುದು ತಪ್ಪೇ ಎಂದು ಕೇಳಿದ್ದೀರಿ. ತಪ್ಪಲ್ಲ. ನಿಮ್ಮ ಮೂಗೂ ನಾಲಿಗೆಯೂ ಸುಮ್ಮನೆ ಹೆದರಿಲ್ಲ. ಹಸಿ ಕಳಲೆಯಲ್ಲಿ ನಿಜವಾಗಿಯೂ ವಿಷವಿದೆ. ಹಸಿ ಕೆಸುವಿನ ಎಲೆ ನಿಜವಾಗಿಯೂ ಗಂಟಲು ಕೆರೆಯುತ್ತದೆ. ಮಲೆನಾಡಿನವರಿಗೂ ಇದು ಗೊತ್ತು, ನಿಮಗಿಂತ ಚೆನ್ನಾಗಿ ಗೊತ್ತು. ಅದನ್ನು ಹೇಗೆ ತೆಗೆಯಬೇಕು ಎನ್ನುವುದು ಅವರ ಕೈಗೆ ಗೊತ್ತಿದೆ, ನಿಮ್ಮ ಕೈಗೆ ಇನ್ನೂ ಗೊತ್ತಿಲ್ಲ. ನಿಮಗೂ ಆ ಅಕ್ಕನಿಗೂ ಇರುವ ವ್ಯತ್ಯಾಸ ಇಷ್ಟೇ.

ಇದು ನನಗೆ ಹೊಳೆದದ್ದು ಕೊಪ್ಪದ ಹತ್ತಿರದ ಒಂದು ಮನೆಯಲ್ಲಿ. ನಾನು ಮಂಡ್ಯ ಕಡೆಯ ರಾಗಿ ಮುದ್ದೆಯ ಮನೆಯಲ್ಲಿ ಬೆಳೆದವನು. ಕಳಲೆ ಎಂಬ ಹೆಸರು ಕೇಳಿದ್ದೆ ಅಷ್ಟೇ. ಹೊರಗೆ ಜಡಿಮಳೆ. ಅಡುಗೆಮನೆಯ ಹಿಂದಿನ ಜಗಲಿಯಲ್ಲಿ ಆ ಮನೆಯ ಹಿರಿಯಮ್ಮ ಕಳಲೆಯ ಸಿಪ್ಪೆ ಬಿಡಿಸುತ್ತಿದ್ದರು. ಹೊರಗಿನ ಸಿಪ್ಪೆಗೆ ಸಣ್ಣ ಸುಂಕು ಇರುತ್ತದೆ, ಕೈಗೆ ಹತ್ತಿದರೆ ಚುಚ್ಚುತ್ತದೆ. ಅದಕ್ಕೆ ಅವರು ಹಳೇ ಬಟ್ಟೆಯೊಂದನ್ನು ಕೈಗೆ ಸುತ್ತಿಕೊಂಡಿದ್ದರು. ಮೊಣಕೈ ಉದ್ದದ ಕಳಲೆ ಪದರ ಪದರವಾಗಿ ಬಿಚ್ಚಿಕೊಂಡು ಕೊನೆಗೆ ಗೇಣುದ್ದದ ತಿರುಳು ಉಳಿಯಿತು, ಬೆಣ್ಣೆಯ ಬಣ್ಣ. ಬುಡದ ಗಟ್ಟಿ ಭಾಗವನ್ನು ಉಗುರಿನಿಂದ ಒತ್ತಿ ನೋಡಿ ಕತ್ತರಿಸಿ ಎಸೆದರು. ಮಿಕ್ಕಿದ್ದನ್ನು ಮೆಟ್ಟುಗತ್ತಿಯಲ್ಲಿ ತೆಳ್ಳಗೆ ಬಿಲ್ಲೆ ಮಾಡಿ ನೀರು ತುಂಬಿದ ಪಾತ್ರೆಗೆ ಹಾಕಿದರು. "ನಾಳೆ ಈ ನೀರು ಚೆಲ್ಲಿ ಹೊಸ ನೀರು. ನಾಡಿದ್ದು ಇನ್ನೊಂದ್ಸಲ. ಆಚೆ ನಾಡಿದ್ದು ಅಡುಗೆ" ಎಂದರು. ಮೊಮ್ಮಗಳು ಹಿಂದಿನ ಕಳಲೆಯ ನೀರನ್ನು ಕಲಗಚ್ಚಿನ ಬಾನಿಯ ಕಡೆ ಎತ್ತಿಕೊಂಡು ಹೋಗುತ್ತಿದ್ದಳು. "ಅದಕ್ಕಲ್ಲ ಮಾರಾಯ್ತಿ, ದನ ಕುಡೀತಾವೆ. ತೆಂಗಿನ ಬುಡದ ಆಚೆ ಚೆಲ್ಲು" ಎಂದು ಕೂಗಿದರು.

ಆ ಒಂದು ಕೂಗಿಗೆ ನನ್ನ ಅರ್ಧ ಹೆದರಿಕೆ ಹೋಯಿತು. ದನಕ್ಕೂ ತಾಗಬಾರದು ಎಂದು ಇಷ್ಟು ಎಚ್ಚರ ವಹಿಸುವವರು ನೆಂಟನ ಎಲೆಗೆ ಹಾಕುವಾಗ ಎಷ್ಟು ಎಚ್ಚರ ವಹಿಸಬೇಡ!

ಆ ಎಚ್ಚರದ ಹಿಂದಿನ ಕಾರಣವನ್ನು ಆಮೇಲೆ ಓದಿ ತಿಳಿದುಕೊಂಡೆ. ಕಳಲೆಯಲ್ಲಿ ಟ್ಯಾಕ್ಸಿಫಿಲಿನ್ ಎಂಬ ಅಂಶವಿದೆ. ಕಳಲೆಯನ್ನು ಕತ್ತರಿಸಿದಾಗ, ಜಜ್ಜಿದಾಗ ಅದು ಒಡೆದು ಹೈಡ್ರೋಜನ್ ಸಯನೈಡ್ ಹೊರಬರುತ್ತದೆ. ಹಸಿ ಕಳಲೆಯ ಕಹಿಗೂ ಈ ಟ್ಯಾಕ್ಸಿಫಿಲಿನ್ನೇ ಕಾರಣ. ಸಯನೈಡ್ ನೀರಿನಲ್ಲಿ ಕರಗುತ್ತದೆ, 26 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಆವಿಯಾಗಿಬಿಡುತ್ತದೆ. ತೆಳ್ಳಗೆ ಹೆಚ್ಚುವುದು, ದಿನಾ ನೀರು ಬದಲಿಸುವುದು, ಮುಚ್ಚಳ ತೆರೆದಿಟ್ಟು ಚೆನ್ನಾಗಿ ಕುದಿಸಿ ಆ ನೀರನ್ನೂ ಬಸಿಯುವುದು, ಎಲ್ಲವೂ ಆ ವಿಷವನ್ನು ಹೊರಗಟ್ಟುವ ಕೆಲಸವೇ. ಆ ಹಿರಿಯಮ್ಮನಿಗೆ ಟ್ಯಾಕ್ಸಿಫಿಲಿನ್ ಹೆಸರು ಗೊತ್ತಿರಲಿಲ್ಲ, ಮಾಡಬೇಕಾದ್ದು ಒಂದೂ ತಪ್ಪಿರಲಿಲ್ಲ.

ನಿಮ್ಮ ಕೈ ಹಿಂದೆಳೆದ ಆ ವಾಸನೆಯೂ ಇದೇ ನೆನೆಹಾಕಿದ್ದರಿಂದ ಬಂದದ್ದು. ಮೂರು ದಿನ ನೀರಿನಲ್ಲಿದ್ದ ಕಳಲೆ ಸ್ವಲ್ಪ ಹುಳಿ ಬರುತ್ತದೆ. ನಮ್ಮ ದೋಸೆ ಹಿಟ್ಟು ಹುಳಿ ಬಂದರೆ ನಮಗೆ ಹಸಿವಾಗುತ್ತದೆ, ಕಳಲೆ ಹುಳಿ ಬಂದರೆ ಹಳಸಿದೆ ಅನ್ನಿಸುತ್ತದೆ. ಮೂಗಿಗೆ ಅಭ್ಯಾಸವಿಲ್ಲ. ಕೊಡಗಿನಲ್ಲಿ ಇದೇ ಕಳಲೆಯ ಬೈಂಬಳೆ ಕರಿಯನ್ನು ಅಕ್ಕಿ ರೊಟ್ಟಿಯ ಜೊತೆ ಕಾದು ಕೂತು ತಿನ್ನುತ್ತಾರೆ. ಕರಾವಳಿಯ ತುಳು ಮನೆಗಳಲ್ಲಿ ಕಣಿಲೆ, ಕೊಂಕಣಿ ಮನೆಗಳಲ್ಲಿ ಕೀರ್ಲು. ಉಪ್ಪುನೀರಿನಲ್ಲಿ ಹಾಕಿಟ್ಟು ಮಳೆಗಾಲ ಮುಗಿದ ಮೇಲೂ ಬಳಸುವವರಿದ್ದಾರೆ.

ಇನ್ನು ಪತ್ರೊಡೆ. ಕೆಸುವಿನ ಎಲೆಯೊಳಗೆ ಸೂಜಿಯಂಥ ಹರಳುಗಳಿವೆ, ಕ್ಯಾಲ್ಸಿಯಂ ಆಕ್ಸಲೇಟಿನವು. ಗಂಟಲಿಗೆ ಚುಚ್ಚುವುದು ಅವೇ. ಅದಕ್ಕೇ ಎಲೆಯ ಬೆನ್ನಿನ ದಪ್ಪ ನರ ಹೆರೆಯುತ್ತಾರೆ, ಅಕ್ಕಿ ಹಿಟ್ಟಿಗೆ ಹುಣಸೆಹುಳಿ ಧಾರಾಳ ಹಾಕುತ್ತಾರೆ, ಸುರುಳಿ ಸುತ್ತಿ ಹಬೆಯಲ್ಲಿ ಹೊತ್ತು ಬೇಯಿಸುತ್ತಾರೆ. ಎಲ್ಲ ಕೆಸುವೂ ಪತ್ರೊಡೆಗೆ ಆಗುವುದಿಲ್ಲ ಎನ್ನುವುದೂ ಅವರಿಗೆ ಗೊತ್ತು. ಮಳೆಗಾಲದಲ್ಲಿ ಮರದ ಮೇಲೆ ಬೆಳೆಯುವ ಮರಕೆಸು ಸಿಕ್ಕರೆ ಆ ದಿನ ಮನೆಯಲ್ಲಿ ಹಬ್ಬದ ಕಳೆ. ಅಕ್ಕ ನಿಮಗೆ ಕಳಿಸಿದ್ದರ ಹಿಂದೆ ಅರ್ಧ ದಿನದ ಕೆಲಸವಿದೆ ಎಂದು ತಿಳಿಯಿರಿ.

ಅದಕ್ಕೆ ನಾನು ಹೇಳುವುದು: ಎಲೆಯ ಮುಂದೆ ಕೂತು ಧೈರ್ಯ ತಂದುಕೊಳ್ಳಲು ಹೋಗಬೇಡಿ, ಒಲೆಯ ಮುಂದೆ ಹೋಗಿ ಕೂತುಕೊಳ್ಳಿ. ಬಡಿಸಿದ ಮೇಲೆ ನಮ್ಮ ಎದುರಿಗೆ ಇರುವುದು ಒಂದು ಗುರುತಿಲ್ಲದ ಬಣ್ಣ, ಒಂದು ಗುರುತಿಲ್ಲದ ವಾಸನೆ, ಜೊತೆಗೆ ನಾಲ್ಕು ಜನರ ಕಣ್ಣು. ಆ ಹೊತ್ತಿನಲ್ಲಿ ಯಾರಿಗೂ ಧೈರ್ಯ ಬರುವುದಿಲ್ಲ. ಅಡುಗೆಮನೆಯಲ್ಲಿ ಹಾಗಲ್ಲ. ಹೆಚ್ಚಿದ್ದನ್ನು ಮುಟ್ಟಿರುತ್ತೀರಿ, ಒಗ್ಗರಣೆಗೆ ಸಾಸಿವೆ ಹಾಕಿದ್ದು ನೋಡಿರುತ್ತೀರಿ, ತೆಂಗಿನಕಾಯಿ ನೀವೇ ತುರಿದಿರುತ್ತೀರಿ. ಆಮೇಲೆ ಅದು ಗುರುತಿಲ್ಲದ ಪದಾರ್ಥ ಹೇಗಾದೀತು?

ಗೊತ್ತಿದ್ದವರು ಮೊದಲೇ ಹೇಳದಿದ್ದರೆ ಏನಾಗುತ್ತದೆ ಎನ್ನುವುದಕ್ಕೆ ನನ್ನದೇ ಒಂದು ಅನುಭವವಿದೆ. ವರ್ಷಗಳ ಹಿಂದೆ ಮಡಿಕೇರಿಯ ಹತ್ತಿರ ಗೆಳೆಯನ ಮನೆಯಲ್ಲಿದ್ದೆ. ಆಗಸ್ಟ್ 3, ಕೊಡವರ ಲೆಕ್ಕದಲ್ಲಿ ಕಕ್ಕಡ ತಿಂಗಳ 18ನೇ ದಿನ. ಆ ದಿನ ಮದ್ದುಸೊಪ್ಪಿನ ರಸದಲ್ಲಿ ಪಾಯಸ ಮಾಡುತ್ತಾರೆ. ಅಂದಿಗೆ ಆ ಸೊಪ್ಪಿನಲ್ಲಿ 18 ಬಗೆಯ ಔಷಧ ಗುಣ ಕೂಡಿರುತ್ತದೆ ಎಂಬುದು ಅಲ್ಲಿಯ ನಂಬಿಕೆ. ಗಾಢ ನೇರಳೆ ಬಣ್ಣ. ನಾನು ಅಂಥ ಬಣ್ಣದ ಪಾಯಸ ಹಿಂದೆ ನೋಡಿರಲಿಲ್ಲ. ಆದರೂ ಪ್ರೀತಿಯಿಂದ ಕೊಟ್ಟದ್ದನ್ನು ಪ್ರೀತಿಯಿಂದಲೇ ತಿಂದೆ. ಬೆಳಿಗ್ಗೆ ಎದ್ದು ಬಚ್ಚಲಿಗೆ ಹೋದರೆ ಮೂತ್ರ ಕೆಂಪಗೆ! ಕೈಕಾಲು ತಣ್ಣಗಾದವು. ಅರ್ಧ ಗಂಟೆ ಯಾರಿಗೂ ಹೇಳದೆ ಜಗಲಿಯಲ್ಲಿ ಕೂತಿದ್ದೆ, ಮನೆಗೆ ಏನೆಂದು ಫೋನ್ ಮಾಡಲಿ ಎಂದು ಯೋಚಿಸುತ್ತಾ. ಕೊನೆಗೆ ಗೆಳೆಯನ ತಾಯಿ ನನ್ನ ಮುಖ ನೋಡಿಯೇ ಅರ್ಥ ಮಾಡಿಕೊಂಡರು. ಸೊಪ್ಪಿನ ಬಣ್ಣವೇ ಹಾಗೆ ಬರುತ್ತದೆ, ಎಲ್ಲರಿಗೂ ಬರುತ್ತದೆ, ಬಂದರೆ ಮದ್ದು ಮೈಗೆ ಹತ್ತಿತು ಎಂದು ನಾವು ಸಂತೋಷಪಡುತ್ತೇವೆ ಎಂದರು. ಹಿಂದಿನ ರಾತ್ರಿಯೇ ಹೇಳಲಿಲ್ಲವಲ್ಲ ಎಂದು ಅವರೇ ನೊಂದುಕೊಂಡರು. ಹುಟ್ಟಿದಾಗಿನಿಂದ ತಿಂದವರಿಗೆ ಇದನ್ನು ಹೇಳಬೇಕು ಎಂದೇ ತೋಚುವುದಿಲ್ಲ. ನಿಮ್ಮ ಪಕ್ಕದ ಮನೆಯ ಅಕ್ಕನದೂ ಅದೇ ಕತೆ ಇರಬೇಕು. ಕಳಲೆಯನ್ನು ಮೂರು ದಿನ ನೆನೆಹಾಕಿದ್ದೇನೆ ಎಂದು ಅವರು ಯಾರಿಗೆ ತಾನೇ ವಿವರಿಸಿದ್ದಾರು?

ಚಗಳಿ ಚಟ್ನಿಯ ವಿಷಯ ಬೇರೆ. ನೀವು ಸಸ್ಯಾಹಾರಿಗಳು, ಆದ್ದರಿಂದ ಅಲ್ಲಿ ಹೆದರಿಕೆಯ ಪ್ರಶ್ನೆಯೇ ಬರುವುದಿಲ್ಲ. "ನಮ್ಮ ಮನೆಯಲ್ಲಿ ತಿನ್ನುವುದಿಲ್ಲ" ಎಂದರೆ ಸಾಕು, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ. ಆದರೆ ಆ ಮಾತು ಹೇಳುವಾಗ ಮುಖದಲ್ಲಿ ಹೇಸಿಗೆ ಕಾಣದಿರಲಿ ಎಂದು ಕೇಳಿಕೊಳ್ಳುತ್ತೇನೆ. ಮಾವಿನ ಮರ, ಗೇರು ಮರದಲ್ಲಿ ಎಲೆ ಹೆಣೆದು ಗೂಡು ಕಟ್ಟುವ ಈ ಕೆಂಪಿರುವೆಯನ್ನು ಹುರಿದು ಮೆಣಸಿನಕಾಯಿ, ಬೆಳ್ಳುಳ್ಳಿ ಹಾಕಿ ಅರೆಯುವ ಪದ್ಧತಿ ಮಲೆನಾಡಿನಲ್ಲಿ ಮಾತ್ರ ಇಲ್ಲ. ಒಡಿಶಾದ ಮಯೂರ್‌ಭಂಜ್ ಜಿಲ್ಲೆಯ ಬುಡಕಟ್ಟಿನವರ ಇದೇ ಬಗೆಯ ಚಟ್ನಿಗೆ, ಸಿಮಿಲಿಪಾಲ್ ಕಾಯ್ ಚಟ್ನಿ ಎಂಬ ಹೆಸರಿನಲ್ಲಿ (ಅಲ್ಲಿ ಕಾಯ್ ಎಂದರೆ ಈ ಇರುವೆ), 2024ರ ಜನವರಿಯಲ್ಲಿ ಭೌಗೋಳಿಕ ಸೂಚಿಕೆ, ಎಂದರೆ ಆ ಸೀಮೆಯದೇ ವಿಶೇಷ ಎಂಬ ಜಿಐ ಮಾನ್ಯತೆ ಸಿಕ್ಕಿದೆ. ಅದರ ಹುಳಿ ಇರುವೆಯ ಮೈಯಲ್ಲಿರುವ ಫಾರ್ಮಿಕ್ ಆಮ್ಲದ್ದು. ಮಾಂಸಾಹಾರಿ ಓದುಗರಿಗೆ ಒಂದು ಮಾತು: ಸಿಗಡಿ, ಏಡಿ ತಿಂದರೆ ಮೈ ದದ್ದೇಳುವವರು ಇದನ್ನು ಮುಟ್ಟದಿರುವುದು ಒಳ್ಳೆಯದು. ಕೀಟಗಳೂ ಸಿಗಡಿಯೂ ಹತ್ತಿರದ ನೆಂಟರು, ಒಂದು ಆಗದ ಮೈಗೆ ಇನ್ನೊಂದೂ ಆಗದೇ ಹೋಗಬಹುದು.

ಒಂದು ಹೆದರಿಕೆಯನ್ನು ಮಾತ್ರ ಬಿಡಬೇಡಿ ಎನ್ನುತ್ತೇನೆ. ಮೊದಲ ಮಳೆ, ಗುಡುಗು ಆದ ಮೇಲೆ ಹುತ್ತದ ಮೇಲೆ, ತೋಟದಲ್ಲಿ ಅಣಬೆ ಏಳುತ್ತವೆ. ತಿಳಿದವರು ಕಿತ್ತು ತಂದು ಕೊಟ್ಟದ್ದಾದರೆ ಅದು ಬೇರೆ ಮಾತು. ನೀವಾಗಲಿ ನಿಮ್ಮ ಮಗನಾಗಲಿ ಒಂದರಂತೆ ಇನ್ನೊಂದಿದೆ ಎಂದು ಕೀಳಬೇಡಿ. ಬೆಳ್ಳಿ ನಾಣ್ಯ ಹಾಕಿ ಕುದಿಸಿದರೆ, ಅರಿಶಿನ ಹಾಕಿದರೆ ವಿಷದ ಅಣಬೆ ಗೊತ್ತಾಗುತ್ತದೆ ಎನ್ನುವುದು ಸುಳ್ಳು. ಎಷ್ಟು ಬೇಯಿಸಿದರೂ ಹೋಗದ ವಿಷ ಕೆಲವು ಅಣಬೆಗಳಲ್ಲಿದೆ. ಕಳಲೆಯ ವಿಷವನ್ನು ನೀರೂ ಬೆಂಕಿಯೂ ತೆಗೆಯುತ್ತವೆ, ಈ ಅಣಬೆಗಳದ್ದನ್ನು ತೆಗೆಯುವುದಿಲ್ಲ.

ನಿಮ್ಮ ಪತ್ರ ಓದುತ್ತಾ ನನಗೆ ಇನ್ನೊಂದು ನೆನಪಾಯಿತು. ನಮ್ಮ ಹಿರಿಯರು ಹೆದರಿದ್ದು ನಮ್ಮ ಭಾಷೆಯಲ್ಲೇ ಉಳಿದುಬಿಟ್ಟಿದೆ. ಪರಂಗಿ ಹಣ್ಣು ಎನ್ನುತ್ತೇವೆ, ಎಂದರೆ ಫಿರಂಗಿಯವರ ಹಣ್ಣು. ಸೀಮೆಬದನೆ, ಸೀಮೆಹುಣಸೆ, ಎಲ್ಲ ಆಚೆ ಸೀಮೆಯವು. ಮೆಣಸಿನಕಾಯಿ ಪೋರ್ಚುಗೀಸರ ಹಡಗಿನಲ್ಲಿ ಬಂದಾಗ ಅದಕ್ಕೆ ಹೆಸರೂ ಇರಲಿಲ್ಲ, ನಮ್ಮ ಕಾಳುಮೆಣಸಿನ ಹೆಸರನ್ನೇ ಕೊಟ್ಟು ಒಳಗೆ ಕರೆದುಕೊಂಡೆವು. ಇವತ್ತಿಗೂ ಎಷ್ಟೋ ಮನೆಗಳಲ್ಲಿ ಶ್ರಾದ್ಧದ ಅಡುಗೆಗೆ ಮೆಣಸಿನಕಾಯಿ ಇಲ್ಲ, ಕಾಳುಮೆಣಸೇ. ನಾನೂರು ವರ್ಷ ದಾಟಿದರೂ ಪಿತೃಗಳ ಎಲೆಗೆ ಅದು ಇನ್ನೂ ಹೊಸದು. ನಿಮಗೆ ಒಂದು ಮಳೆಗಾಲದಲ್ಲಿ ಕಳಲೆ ರೂಢಿಯಾಗಲಿಲ್ಲ ಎಂದು ಯಾಕೆ ನೊಂದುಕೊಳ್ಳುತ್ತೀರಿ?

ಮಗನ ವಿಷಯ. ಆರು ವರ್ಷದ ಹುಡುಗ ಹೊಸದನ್ನು ಕಂಡು ಬೇಡ ಅನ್ನುವುದು ವಯಸ್ಸಿನ ಗುಣ. ಎರಡು ವರ್ಷದಿಂದ ಆರರವರೆಗೆ ಇದು ಹೆಚ್ಚು. ಬಾಯಿಗೆ ತುರುಕಬೇಡಿ, ತಿಂದರೆ ಚಾಕೊಲೇಟ್ ಕೊಡುತ್ತೇನೆ ಎನ್ನಬೇಡಿ. ಅವನ ತಟ್ಟೆಯ ಪಕ್ಕದಲ್ಲಿ ಇರಲಿ, ಮತ್ತೆ ಮತ್ತೆ ಇರಲಿ. ಮಕ್ಕಳಿಗೆ ಹತ್ತು ಹದಿನೈದು ಸಲ ಕಂಡ ಮೇಲೆ ರುಚಿ ಹತ್ತುವುದುಂಟು. ಕೆಸುವಿನ ಎಲೆಯ ಮೇಲೆ ಮಳೆಹನಿ ಮುತ್ತಿನಂತೆ ಉರುಳುವುದನ್ನು ತೋರಿಸಿ. ಮುಖ್ಯವಾಗಿ, ಡಬ್ಬಿಯ ಮುಚ್ಚಳ ತೆಗೆಯುವಾಗ ಅವನು ನೋಡುವುದು ನಿಮ್ಮ ಮುಖವನ್ನು. ನೀವೇ ಬರೆದಿದ್ದೀರಿ.

ಈಗ ಅಕ್ಕನ ವಿಷಯ. ನಿಜ ಹೇಳಿಬಿಡಿ. ನಿಮ್ಮ ಊರಿನ ಮಾತಿನಲ್ಲೇ ಹೇಳಿ: "ಅಕ್ಕಾರ, ನಮ್ಮ ಕಡೆ ಇದನ್ನ ತಿಂದಿಲ್ಲ, ನನಗ ಅಂಜಿಕಿ ಆಗಿತ್ತು. ಹೊಟ್ಟಿ ಸರಿ ಇಲ್ಲ ಅಂದದ್ದು ಸುಳ್ಳ. ಮುಂದಿನ ಸಲ ಮಾಡೂ ಮುಂದ ನನ್ನ ಕರೀರಿ, ಕೂತು ನೋಡತೀನಿ." ಅವರು ಬೇಸರ ಮಾಡಿಕೊಳ್ಳುತ್ತಾರೆ ಎಂದು ನನಗನ್ನಿಸುವುದಿಲ್ಲ. ಹೊಟ್ಟೆನೋವಿಗೆ ಕಷಾಯ ಕಾಯಿಸಿದವರು ಅಂಜಿಕೆಗೂ ಏನಾದರೂ ದಾರಿ ಕಾಣುತ್ತಾರೆ. ಮೊದಲು ಪತ್ರೊಡೆಯಿಂದ ಶುರು ಮಾಡಿ. ಹಬೆಯಲ್ಲಿ ಬೆಂದ ಸುರುಳಿಯನ್ನು ಬಿಲ್ಲೆ ಮಾಡಿ ಎಣ್ಣೆಯಲ್ಲಿ ಗರಿಯಾಗಿ ಕಾಯಿಸಿದ್ದು ಕೇಳಿ, ಒಂದೇ ಬಿಲ್ಲೆ. ಹಿಡಿಸದಿದ್ದರೆ ಹಿಡಿಸಲಿಲ್ಲ ಎನ್ನಿ. ತಿಂದು ನೋಡಿ ಬೇಡ ಎನ್ನುವುದಕ್ಕೂ ನೋಡದೆ ಬೇಡ ಎನ್ನುವುದಕ್ಕೂ ಅಕ್ಕನ ಕಿವಿಯಲ್ಲಿ ಬಹಳ ಅಂತರವಿರುತ್ತದೆ. ಕಳಲೆ ಆಮೇಲೆ, ಹೆಸರುಕಾಳು ಹಾಕಿ ಮಾಡಿದ ಹುಳಿಯಲ್ಲಿ, ವಾಸನೆ ಕಡಿಮೆ ಇರುತ್ತದೆ.

ಲೋಟವೂ ಡಬ್ಬಿಯೂ ನಿಮ್ಮ ಮನೆಯಲ್ಲೇ ಇರಬೇಕು. ಹಿಂದಿರುಗಿಸುವಾಗ ಬರಿದಾಗಿ ಕೊಡಬೇಡಿ. ಊರಿಂದ ಬಂದ ಗುರೆಳ್ಳು ಚಟ್ನಿಪುಡಿ ಮನೆಯಲ್ಲಿದ್ದೇ ಇರುತ್ತದೆ, ಡಬ್ಬಿ ತುಂಬಿಸಿ. ಜೊತೆಗೆ ಎರಡು ಜೋಳದ ರೊಟ್ಟಿ. ಪುಡಿಗೆ ಗಟ್ಟಿ ಮೊಸರು ಕಲಸಿಕೊಂಡು ತಿನ್ನಬೇಕು ಎನ್ನಿ. ಅವರ ಕಡೆ ಹುಚ್ಚೆಳ್ಳು ಎನ್ನುತ್ತಾರಲ್ಲ ಅದೇ ಇದು, ಕಪ್ಪಗಿರುವುದು ಸೀದದ್ದಲ್ಲ, ಕಾಳಿನ ಬಣ್ಣವೇ ಹಾಗೆ ಎಂದು ಮುಚ್ಚಳ ತೆಗೆಯುವ ಮೊದಲೇ ಹೇಳಿಬಿಡಿ.

ನಿಮ್ಮ,
ಸಂಪಾದಕ