ಚರಗಿ ಮುಟ್ಟಿದರೆ ಮಾತು ಬರುತ್ತೆ: ಗಂಗಾವತಿಯ ಓದುಗರಿಗೆ ಸಂಪಾದಕರ ಉತ್ತರ

ಗಂಗಾವತಿಯ ಓದುಗರೊಬ್ಬರು ಬರೆದಿದ್ದಾರೆ. ಡಿಗ್ರಿ ಓದುತ್ತಿರುವ ಅವರ ಮಗಳು ಕಾಲೇಜಿನ ವಾರ್ಷಿಕೋತ್ಸವಕ್ಕೆ ಒಂದು ಧ್ವನಿ ಪ್ರದರ್ಶನ ಮಾಡುತ್ತಾಳಂತೆ. ಸುತ್ತ ಅಡುಗೆಮನೆ ಪಾತ್ರೆ, ನಡುವೆ ಸುಮ್ನೆ ಕೂತ ಅವಳು. ಬಂದವರು ಯಾವುದಾದರೂ ಪಾತ್ರೆ ಮುಟ್ಟಿದರೆ, ಹೆಣ್ಣುಮಕ್ಕಳಿಗೆ ಮನೆಯಲ್ಲಿ ಹೇಳುವ ಮಾತೊಂದು ಕೇಳಿಸುತ್ತದೆ. "ಇದು ಕಲೆ ಹೇಗಾಗುತ್ತೆ? ಮನೆ ಮಾತು ಬೀದಿಗೆ ತಂದಂಗಲ್ವಾ? ನಾಳೆ ಮದುವೆ ಮಾಡಬೇಕಾದ ಮಗಳು" ಎಂದು ಅವರ ಅಳಲು.

ಸರ್, ನಿಮ್ಮ ಕೊನೆಯ ಮಾತನ್ನೇ ಮೊದಲು ಹಿಡಿಯುತ್ತೇನೆ. "ನಾಳೆ ಮದುವೆ ಮಾಡಬೇಕಾದ ಮಗಳು" ಎಂಬುದು ನಿಮ್ಮ ಮಗಳು ಕೇಳಿಸಲಿರುವ ಮಾತುಗಳ ಪಟ್ಟಿಯಲ್ಲಿ ಖಂಡಿತ ಇರುತ್ತೆ. ಕೇಳಿ ನೋಡಿ.

ನಮ್ಮ ಕಡೆ ಇಂಥ ಮಾತಿಗೇನು ಬರವಿಲ್ಲ. "ಕಾಲು ಮಡಚಿ ಕುಂದ್ರು." "ಹಲ್ಲು ಕಿಸೀಬ್ಯಾಡ." "ಹೊತ್ತು ಮುಳುಗೈತಿ, ಒಳಗ ನಡಿ." "ಅಣ್ಣ ಬಂದಾನ, ನೀರು ಕೊಡು." "ಕೊಟ್ಟ ಮನ್ಯಾಗ ಏನಂತಾರ?" ರೊಟ್ಟಿ ಬಡಿಯುತ್ತಾ ತಾಯಿ ಹೇಳಿರುತ್ತಾಳೆ, ಪೇಪರಿನಿಂದ ತಲೆ ಎತ್ತದೆ ತಂದೆ ಹೇಳಿರುತ್ತಾನೆ. ಪ್ರೀತಿಯಿಂದಲೇ ಹೇಳಿರುತ್ತಾರೆ. ಒಂದೊಂದಾಗಿ ಕೇಳಿದರೆ ಏನೂ ಅನಿಸುವುದಿಲ್ಲ. ಸಾಲಾಗಿ ಹತ್ತು ನಿಮಿಷ ಕೇಳಿದರೆ ಕೂರಕ್ಕಾಗಲ್ಲ.

ಕಲೆ ಹೇಗೆ ಅಂದಿರಿ. 1972ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಫೇತ್ ವೈಲ್ಡಿಂಗ್ ಎಂಬ ಕಲಾವಿದೆ 'ವೇಟಿಂಗ್' ಎಂಬ ಪ್ರದರ್ಶನ ಕೊಟ್ಟರು. ಕುರ್ಚಿಯಲ್ಲಿ ಕೂತು ಮೈ ತೂಗುತ್ತಾ, ಹುಟ್ಟಿನಿಂದ ಮುಪ್ಪಿನ ತನಕ ಹೆಣ್ಣು ಯಾವುದಕ್ಕೆಲ್ಲ ಕಾಯುತ್ತಾಳೆ ಎಂದು ಒಂದೇ ಸಮನೆ ಹೇಳುತ್ತಾ ಹೋದರು. ಅಷ್ಟೇ. ಕಲೆಯ ಇತಿಹಾಸ ಬರೆಯುವವರು ಅದನ್ನು ಇವತ್ತಿಗೂ ಬಿಡುವುದಿಲ್ಲ. ಅಲ್ಲಿ ಜನ ಕೂತು ಕೇಳಿದರು. ನಿಮ್ಮ ಮಗಳು ಇನ್ನೊಂದು ಹೆಜ್ಜೆ ಮುಂದೆ ಹೋಗಿದ್ದಾಳೆ: ಮುಟ್ಟಿದರಷ್ಟೇ ಮಾತು. 'ಸಮಾಜವೇ ಹಿಂಗೆ' ಅಂತ ಕೈ ತೊಳೆದುಕೊಳ್ಳುವಂತಿಲ್ಲ, ಚರಗಿ ಮುಟ್ಟಿದ ಕೈ ನಮ್ಮದೇ. ಇದು ಭಾಷಣದಿಂದ ಆಗುವ ಕೆಲಸವಲ್ಲ. ನನಗಂತೂ ಮಹಿಳಾ ದಿನದ ಭಾಷಣ ಕೇಳಿ ಸಾಕಾಗಿದೆ.

ನೋಡುವವರು ಆಟದೊಳಗೆ ಕೈ ಹಾಕುವುದು ನಮಗೆ ಹೊಸದೂ ಅಲ್ಲ. ಕಂಪನಿ ನಾಟಕದಲ್ಲಿ 'ಒನ್ಸ್ ಮೋರ್' ಬಿದ್ದರೆ ಸತ್ತ ಪಾತ್ರವೂ ಎದ್ದು ಹಾಡಿ ಮತ್ತೆ ಸಾಯುತ್ತಿತ್ತು! ಬಳ್ಳಾರಿಯ ರಂಗನಟಿ ಸುಭದ್ರಮ್ಮ ಮನ್ಸೂರು 2020ರಲ್ಲಿ ತೀರಿಕೊಂಡರು. ಅವರ ರಂಗಗೀತೆಗೆ ತಲೆದೂಗಿದವರೂ ನಾವೇ, ಮನೆ ಮಗಳಿಗೆ ವೇದಿಕೆ ಬೇಡ ಅನ್ನುವವರೂ ನಾವೇ.

ಮನೆ ಮಾತನ್ನು ಕದ್ದು ರೆಕಾರ್ಡ್ ಮಾಡಿದ್ದರೆ ನಿಮ್ಮ ಕೋಪ ನ್ಯಾಯವೇ. ಯಾರ ದನಿಯೋ ಅವರನ್ನು ಕೇಳಿಯೇ ಬಳಸಬೇಕು. ಆದರೆ ಅವಳು ಕೇಳಿದರೆ ದಯವಿಟ್ಟು ಇಲ್ಲ ಅನ್ನಬೇಡಿ. ಗೆಳತಿಯೊಬ್ಬಳು ದಪ್ಪ ದನಿ ಮಾಡಿ ಅಪ್ಪನ ಹಾಗೆ ಗದರಿದರೆ ಹುಡುಗರು ನಕ್ಕು ಮರೆಯುತ್ತಾರೆ. ನಿಜವಾದ ಅಪ್ಪನ ದನಿ ಬಂದರೆ ಅಷ್ಟು ಸುಲಭಕ್ಕೆ ನಗು ಬರಲ್ಲ.

ನಿಮ್ಮ ಪತ್ರದಲ್ಲಿಲ್ಲದ ಒಂದು ಭಯ ಮಾತ್ರ ನನಗಿದೆ. 1974ರಲ್ಲಿ ಇಟಲಿಯ ನೇಪಲ್ಸ್‌ನಲ್ಲಿ ಮರೀನಾ ಅಬ್ರಮೊವಿಚ್ ಎಂಬ ಕಲಾವಿದೆ ಆರು ಗಂಟೆ ಸುಮ್ಮನೆ ನಿಂತರು. ಮೇಜಿನ ಮೇಲೆ 72 ವಸ್ತು. ಗುಲಾಬಿ ಇತ್ತು, ಪಿಸ್ತೂಲು ಮತ್ತು ಗುಂಡೂ ಇತ್ತು. ಅವನ್ನು ತನ್ನ ಮೇಲೆ ಹೇಗೆ ಬೇಕಾದರೂ ಬಳಸಿ ಎಂದಿದ್ದರು. ಮೊದಮೊದಲು ಜನ ನಯವಾಗಿಯೇ ಇದ್ದರು. ಆಮೇಲೆ ಬಟ್ಟೆ ಕತ್ತರಿಸಿದರು, ಪಿಸ್ತೂಲನ್ನು ಆಕೆಗೇ ಗುರಿ ಹಿಡಿದರು. ಹಾಗಾಗಿ ನಿಮ್ಮ ಮಗಳ ಸುತ್ತ ಒಂದು ಗೆರೆ ಇರಲಿ. ಜನ ಪಾತ್ರೆ ಮುಟ್ಟಲಿ, ಗೆರೆ ದಾಟುವುದು ಬೇಡ. ಬೇಕೆಂದಾಗ ನಿಲ್ಲಿಸಲು ಒಬ್ಬ ಮೇಡಂ ಪಕ್ಕದಲ್ಲಿರಲಿ.

ಯಂತ್ರದ ಕೆಲಸ ಸುಲಭ. ಆರ್ಡುಯಿನೊ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿಗೆ ಟಚ್ ಸೆನ್ಸರ್ ಜೋಡಿಸಿ, ವೈರನ್ನು ಸ್ಟೀಲ್ ಕೊಡಕ್ಕೆ ತಾಗಿಸಿದರೆ ಕೊಡವೇ ಸ್ವಿಚ್ಚು. ಬಿದಿರಿನ ಮೊರಕ್ಕೆ ತಾಮ್ರದ ಟೇಪು ಅಂಟಿಸಬೇಕು. ಕಬ್ಬಿಣದ ಮೇಜು ಬೇಡ, ಸೆನ್ಸರ್ ಗೊಂದಲಕ್ಕೆ ಬೀಳುತ್ತದೆ. ಮರದ ಹಲಗೆ ಸಾಕು. ಕರೆಂಟ್ ನಂಬದೆ ಪವರ್ ಬ್ಯಾಂಕ್ ಇಟ್ಟುಕೊಳ್ಳಲಿ.

ಇನ್ನು ಜಾಗ. ಎರಡು ಸಿನಿಮಾ ಡ್ಯಾನ್ಸುಗಳ ನಡುವೆ ಇದನ್ನು ತುರುಕಿದರೆ ಯಾರಿಗೂ ಏನೂ ಕೇಳಿಸುವುದಿಲ್ಲ. ಒಂದು ಕ್ಲಾಸ್ ರೂಮು ಪಡೆದು, ಐದಾರು ಜನರನ್ನಷ್ಟೇ ಒಳಗೆ ಬಿಡಲಿ. ಪ್ರಿನ್ಸಿಪಾಲರು ಒಪ್ಪದಿದ್ದರೆ ನೀವೇ ಹೋಗಿ ಮಾತಾಡಿ. ಮಗಳು ಕೇಳಿದ್ದಕ್ಕಿಂತ ಅಪ್ಪ ಬಂದು ಕೇಳಿದರೆ ಬೇಗ ಒಪ್ಪುತ್ತಾರೆ. ಅದೂ ಆ ಪಟ್ಟಿಗೆ ಸೇರಬೇಕಾದದ್ದೇ, ಏನ್ಮಾಡೋದು.