ಪತ್ತೇದಾರಿ ಕಾದಂಬರಿ ಓದಿ ಪಿಎಚ್‌.ಡಿ. ಮಾಡಬಹುದಾ?

ಪ್ರಶ್ನೆ: ಕನ್ನಡ ಎಂ.ಎ. ಮುಗಿಸಿದ್ದೇನೆ. ಸ್ವೀಡನ್ನಿನ ಪತ್ತೇದಾರಿ ಕಾದಂಬರಿ, ಸಿನಿಮಾಗಳನ್ನು ನಮ್ಮ ಪತ್ತೇದಾರಿಗಳ ಜೊತೆಗಿಟ್ಟು ಪಿಎಚ್‌.ಡಿ. ಮಾಡುವ ಆಸೆ. ಮನೆಯಲ್ಲಿ ‘ರೈಲಿನಲ್ಲಿ ಓದಿ ಎಸೆಯೋ ಪುಸ್ತಕ ಅವು’ ಅನ್ನುತ್ತಾರೆ. ಎಲ್ಲಿಂದ ಶುರು ಮಾಡಲಿ? ಸ್ವೀಡಿಷ್ ಬರುವುದಿಲ್ಲ.
– ಓದುಗಿ, ಡೊಂಬಿವಲಿ

ಉತ್ತರ: ನಾನೂ ಓದಿದ್ದು ರೈಲಿನಲ್ಲೇ ಕಣಮ್ಮ. ಇಪ್ಪತ್ತೆರಡು ವರ್ಷ ಕಲ್ಯಾಣ್–ದಾದರ್ ಲೋಕಲ್. ಲೇಡೀಸ್ ಡಬ್ಬಿಯಲ್ಲಿ ನಿಂತುಕೊಂಡೇ, ಒಂದು ಕೈಯಲ್ಲಿ ಹಿಡಿಕೆ, ಇನ್ನೊಂದರಲ್ಲಿ ಪುಸ್ತಕ. ಎಸೆಯಬೇಕು ಅಂತ ಒಂದು ದಿನವೂ ಅನಿಸಲಿಲ್ಲ. ಧೈರ್ಯವಾಗಿ ಮಾಡು.

ಸ್ವೀಡನ್ನಿನ ಲೇಖಕರಾದ ಮಾಯ್ ಶೋವಾಲ್, ಪೇರ್ ವಾಲೊ ಜೋಡಿಯಿಂದ ಶುರು ಮಾಡು. ಮಕ್ಕಳನ್ನು ಮಲಗಿಸಿ, ರಾತ್ರಿ ಕೂತು, ಒಂದು ಅಧ್ಯಾಯ ಅವಳು, ಒಂದು ಅವನು ಅಂತ ಬರೆದವರು. 1965ರಿಂದ 1975ರವರೆಗೆ ಹತ್ತು ಕಾದಂಬರಿ. ಹತ್ತಕ್ಕೂ ಒಂದೇ ಉಪಶೀರ್ಷಿಕೆ: ‘ಒಂದು ಅಪರಾಧದ ಕಾದಂಬರಿ’. ಆ ಅಪರಾಧ ಬರೀ ಕೊಲೆಯಲ್ಲ. ಎಲ್ಲರನ್ನೂ ನೋಡಿಕೊಳ್ಳುತ್ತೇನೆ ಎಂದ ಸರ್ಕಾರ ಬಡವರ ಕೈಬಿಟ್ಟಿತಲ್ಲ, ಅದು. ಇಬ್ಬರೂ ಪಕ್ಕಾ ಎಡಪಂಥದವರು.

ಮೊದಲ ಕಾದಂಬರಿಯಲ್ಲಿ ಕಾಲುವೆಯ ಹೂಳೆತ್ತುವಾಗ ಒಬ್ಬ ಹೆಂಗಸಿನ ಹೆಣ ಸಿಗುತ್ತದೆ. ಅವಳು ಯಾರು ಅಂತ ತಿಳಿಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ. ಪೊಲೀಸ್ ಮಾರ್ಟಿನ್ ಬೆಕ್‌ಗೆ ಹೊಟ್ಟೆ ಸರಿಯಿಲ್ಲ. ಕಾಗದ ಬರೆಯುತ್ತಾನೆ, ಉತ್ತರಕ್ಕೆ ಕಾಯುತ್ತಾನೆ, ಮತ್ತೆ ಕಾಯುತ್ತಾನೆ. ನಮ್ಮ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಇವನ ಪಕ್ಕ ಕೂರಿಸಿ ನೋಡು. ಒಬ್ಬೊಬ್ಬರ ಕಥೆಯಲ್ಲೂ ದಿನ ಹೇಗೆ ಕಳೆಯುತ್ತದೆ, ಯಾರು ಯಾರಿಗೆ ಹೆದರುತ್ತಾರೆ, ಪುಟ ಹಾಕಿ ಬರೆದಿಟ್ಟುಕೋ. ನಿನ್ನ ಮೊದಲ ಅಧ್ಯಾಯ ಅಲ್ಲೇ ಸಿಗುತ್ತದೆ.

ಭಾಷೆ ಬಾರದ್ದನ್ನು ಮುಚ್ಚಿಡಬೇಡ. ಅನುವಾದದಲ್ಲಿ ಏನಾಗುತ್ತದೆ ಅನ್ನುವುದೂ ಸಂಶೋಧನೆಯೇ. ಸ್ವೀಡನ್ನಿನ ಇನ್ನೊಬ್ಬ ಪತ್ತೇದಾರಿ ಕಾದಂಬರಿಕಾರ ಸ್ಟೀಗ್ ಲಾರ್ಸನ್ ಉದಾಹರಣೆ ತಗೋ. ಅವರು ತೀರಿಕೊಂಡದ್ದು 2004ರಲ್ಲಿ, ಅವರ ಮೊದಲ ಕಾದಂಬರಿ ಅಚ್ಚಾದದ್ದು 2005ರಲ್ಲಿ. ಸ್ವೀಡಿಷ್ ಹೆಸರು ‘ಹೆಂಗಸರನ್ನು ದ್ವೇಷಿಸುವ ಗಂಡಸರು’. ಇಂಗ್ಲಿಷ್‌ಗೆ ಬರುವಾಗ ಅದು ‘ಡ್ರ್ಯಾಗನ್ ಹಚ್ಚೆಯ ಹುಡುಗಿ’ ಆಯಿತು. ತಪ್ಪು ಮಾಡಿದ ಗಂಡಸರು ಮುಖಪುಟದಿಂದಲೇ ಮಾಯ! ಹುಡುಗಿಯ ಬೆನ್ನಿನ ಹಚ್ಚೆ ಮಾತ್ರ ಉಳಿಯಿತು. ನೆನಪಾದಾಗಲೆಲ್ಲ ನನಗೆ ಸಿಟ್ಟು ಬರುತ್ತದೆ.

ಸಿನಿಮಾಕ್ಕೂ ಇದೇ ಕಾದಂಬರಿ ಸಾಕು, ಜಾಸ್ತಿ ಹರಡಬೇಡ. 2009ರಲ್ಲಿ ಸ್ವೀಡಿಷ್‌ನಲ್ಲೇ ಬಂತು, 2011ರಲ್ಲಿ ಹಾಲಿವುಡ್‌ನವರು ಮತ್ತೆ ತೆಗೆದರು. ಎರಡನ್ನೂ ಬೆನ್ನುಬೆನ್ನಿಗೆ ನೋಡು. ಆ ಹುಡುಗಿ ಮೊದಲ ಸಲ ಪರದೆಗೆ ಬರುವಾಗ ಕ್ಯಾಮೆರಾ ಎಲ್ಲಿದೆ, ಮೊದಲು ಅದನ್ನು ಬರೆದುಕೋ.