ಇಬ್ಬರಿಗೆ ಹೊತ್ತ ಹರಕೆ

ಮಳೆ ಹಿಡಿದ ಮೇಲೆ ಶಿವಮೊಗ್ಗದ ನನ್ನ ಕೌನ್ಸೆಲಿಂಗ್ ಕೋಣೆಗೆ ಒಂದು ಬಗೆಯ ಜನ ಬರುತ್ತಾರೆ. ನಾನು ಅವರನ್ನು ಮನಸ್ಸಿನಲ್ಲೇ 'ಉಳಿದವರು' ಅಂತ ಕರೆಯುತ್ತೇನೆ. ಘಾಟಿಯಲ್ಲಿ ಜೀಪು ಮಗುಚಿದಾಗ ಉಳಿದವರು, ಹೊಳೆಗೆ ಇಳಿದ ನಾಲ್ವರಲ್ಲಿ ಉಳಿದವರು, ಜ್ವರ ಬಂದ ಮನೆಯಲ್ಲಿ ಉಳಿದವರು. ಬದುಕಿ ಉಳಿದದ್ದೇ ಕಷ್ಟವಾಗಿದೆ ಅಂತ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ನಿದ್ದೆ ಇಲ್ಲ, ಊಟ ಸೇರಲ್ಲ, ಸುಮ್ನೆ ಸಿಟ್ಟು ಬರುತ್ತೆ, ಇಷ್ಟೇ. ಜೊತೆಗೆ ಬಂದ ಮನೆಯವರದ್ದು ಮಾತ್ರ ಯಾವಾಗಲೂ ಒಂದೇ ದೂರು: "ದೇವರು ಇಷ್ಟು ಕಾಪಾಡಿದಾನೆ, ಇವರಿಗೆ ಅದರ ನೆನಪೇ ಇಲ್ಲ ನೋಡಿ."

ಈ ಪ್ರಕರಣ ಬರೆಯೋಕೆ ಕಾರಣ, ಇದರಲ್ಲಿ ನಾನು ಮೂರು ಭೇಟಿ ತಪ್ಪು ಜಾಗದಲ್ಲಿ ಅಗೆದೆ. ಗುರುತು ಸಿಗದ ಹಾಗೆ ಕೆಲವು ವಿವರ ಬದಲಾಯಿಸಿದ್ದೇನೆ.

ಆಕೆ ಸಾಗರದ ಆಚೆ, ಶರಾವತಿ ಹಿನ್ನೀರಿನ ಕಡೆಯವರು. ವಯಸ್ಸು ನಲವತ್ತರ ಹತ್ತಿರ. ಅಡಿಕೆ ತೋಟ, ಎರಡು ಹಸು, ಗಂಡ, ಮೈದುನ, ಅತ್ತೆ. ಬೇಸಿಗೆಯಲ್ಲಿ ಆಕೆ ಮತ್ತು ವಾರಗಿತ್ತಿ ಇಬ್ಬರೂ ದರಗು, ಅಂದರೆ ಒಣಗಿದ ಎಲೆ, ಗುಡಿಸಿ ತರೋಕೆ ಕಾಡಿಗೆ ಹೋಗಿದ್ದರು. ವಾರ ಕಳೆಯುವಷ್ಟರಲ್ಲಿ ಇಬ್ಬರಿಗೂ ಜ್ವರ. ಮಂಗನ ಕಾಯಿಲೆ. ಇವರು ಮನೆಗೆ ಬಂದರು, ವಾರಗಿತ್ತಿ ಬರಲಿಲ್ಲ. ವಾರಗಿತ್ತಿಗೆ ಎಂಟು ವರ್ಷದ ಮಗಳಿದ್ದಾಳೆ.

ಮಂಗನ ಕಾಯಿಲೆ ಅಂದರೆ ನಮ್ಮ ಜಿಲ್ಲೆಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. 1957ರಲ್ಲಿ ಇದು ಮೊದಲು ಪತ್ತೆಯಾಗಿದ್ದೇ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ, ಡಾಕ್ಟರುಗಳು ಇಟ್ಟ ಹೆಸರೂ ಆ ಕಾಡಿನದ್ದೇ. 2019ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನಲ್ಲಿ ಇದರಿಂದ ಜನ ಸತ್ತ ಸುದ್ದಿ ಓದಿದವರಿಗೆ ಇನ್ನೂ ನೆನಪಿರುತ್ತದೆ. ಕಾಡಿನಲ್ಲಿ ಮಂಗ ಸತ್ತು ಬಿದ್ದರೆ ಆ ಸುತ್ತಿಗೆ ಹೋಗಬೇಡಿ ಅನ್ನುತ್ತಾರೆ, ಆದರೆ ಕೊಟ್ಟಿಗೆಗೆ ದರಗು ಬೇಡ ಅಂತ ಹಸು ಹೇಳುತ್ತಾ? ಈ ಕಾಯಿಲೆ ಹರಡುವ ಉಣುಗು (ಉಣ್ಣಿ) ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗುವುದಿಲ್ಲ.

ಮೊದಲ ಭೇಟಿಯಲ್ಲಿ ಆಕೆ ಹೆಚ್ಚು ಮಾತಾಡಲಿಲ್ಲ. ದೇವರ ಮುಂದೆ ದೀಪ ಹಚ್ಚೋದು ಬಿಟ್ಟಿದ್ದಾಳೆ ಅಂತ ಅತ್ತೆಯೇ ಹೇಳಿದರು. ಎರಡನೆಯ ಸಲ ಅತ್ತೆಯನ್ನು ಹೊರಗೆ ಕೂರಿಸಿದೆ. ಆಗ ಆಕೆ ಹೇಳಿದ ಮಾತು ಇನ್ನೂ ನನ್ನ ಕಿವಿಯಲ್ಲಿದೆ. ನಮ್ಮ ಕಡೆ ತೋಟದ ದಣಪೆಗೆ, ಅಂದರೆ ಬೇಲಿಯ ಬಾಗಿಲಿಗೆ, 'ಸಿಗಂದೂರು ಚೌಡೇಶ್ವರಿ ದೇವಿಯ ಕಾವಲಿದೆ' ಅಂತ ಬೋರ್ಡ್ ಹಾಕುತ್ತಾರಲ್ಲ, ಇವರ ತೋಟಕ್ಕೂ ಇದೆ. "ಮೇಡಂ, ಆ ಬೋರ್ಡ್ ಹಾಕಿದ ಮೇಲೆ ನಮ್ಮ ತೋಟದಿಂದ ಒಂದು ಗೊನೆ ಅಡಿಕೆ ಕಳುವಾಗಿಲ್ಲ. ನಾವಿಬ್ರೂ ಅವತ್ತು ಅದೇ ದಣಪೆ ದಾಟಿ ಹೋಗಿದ್ದು. ಗೊನೆಗೆ ಇರೋ ಕಾವಲು ಅವಳಿಗೆ ಇರಲಿಲ್ವಾ?"

ಇಲ್ಲಿ ನಾನೊಂದು ತಪ್ಪು ಮಾಡಿದೆ. ಈ ಕಾಯಿಲೆ ಬಂದ ನೂರು ಜನರಲ್ಲಿ ಮೂರರಿಂದ ಐದು ಜನ ತೀರಿಹೋಗುತ್ತಾರೆ, ಉಳಿದವರು ಬದುಕುತ್ತಾರೆ, ಹಾಗಾಗಿ ನೀವು ಬದುಕಿದ್ದಕ್ಕೆ ತಪ್ಪಿತಸ್ಥರ ಥರ ಇರಬೇಕಾಗಿಲ್ಲ ಅಂತ ಲೆಕ್ಕ ಹೇಳಿದೆ. ಆಕೆ ತಲೆ ಎತ್ತಿ, "ಆ ಐದರಲ್ಲಿ ಅವಳೇ ಯಾಕೆ?" ಅಂದಳು. ಲೆಕ್ಕ ಅಲ್ಲಿಗೇ ನಿಂತಿತು.

ಮೂರನೆಯ ಭೇಟಿಯಲ್ಲಿ ನಿದ್ದೆ, ಊಟ, ಸುಸ್ತು ಇವುಗಳ ಬಗ್ಗೆ ಮಾತಾಡಿದೆವು. ಈ ಜ್ವರ ಬಿಟ್ಟ ಮೇಲೂ ಎಷ್ಟೋ ವಾರ ಮೈಯಲ್ಲಿ ಶಕ್ತಿ ಇರುವುದಿಲ್ಲ, ಅದನ್ನೇ ಮನೆಯವರು 'ಸೋಮಾರಿತನ', 'ಕೊರಗು' ಅಂದುಕೊಳ್ಳುತ್ತಾರೆ. ಡಾಕ್ಟರ ಹತ್ತಿರ ಮತ್ತೊಮ್ಮೆ ತೋರಿಸಿ ಅಂತ ಕಳಿಸಿದೆ. ಇದು ಸರಿಯಾದ ಸಲಹೆಯೇ, ಆದರೆ ಗಾಯ ಇದ್ದದ್ದು ಬೇರೆ ಕಡೆ.

ನಾಲ್ಕನೆಯ ಸಲ ಬಂದಾಗ ಅತ್ತೆ ಹೊರಗೆ ಕೂರಲು ಒಪ್ಪಲಿಲ್ಲ. ಅವರದ್ದು ಒಂದೇ ಹಟ, ಹರಕೆ ತೀರಿಸಬೇಕು. ಸಿಗಂದೂರಿಗೆ ಸೀರೆ ಕೊಡ್ತೀನಿ ಅಂತ ಆಸ್ಪತ್ರೆ ಬಾಗಿಲಲ್ಲಿ ನಿಂತು ಹೇಳಿಕೊಂಡಿದ್ದರಂತೆ. ಮೊದಲಾದರೆ ಹಿನ್ನೀರು ದಾಟೋಕೆ ಹೊಳೆಬಾಗಿಲಿನಲ್ಲಿ ಲಾಂಚಿಗೆ ಕಾಯಬೇಕು, ಜನ ಜಾಸ್ತಿ ಅನ್ನೋ ನೆಪ ಇರುತ್ತಿತ್ತು. 2025ರ ಜುಲೈನಲ್ಲಿ ಸೇತುವೆ ಆಗಿಹೋಯಿತು, ಆ ನೆಪವೂ ಇಲ್ಲ. "ಇವಳು ಬರಲ್ಲ ಅಂತಾಳೆ. ಕಾಪಾಡಿದ ದೇವರಿಗೆ ಕೈ ಮುಗಿಯೋಕೆ ಏನು ಕಷ್ಟ, ನೀವಾದ್ರೂ ಹೇಳಿ ಅಮ್ಮಾ."

ಸುಮ್ನೆ ಮಾತು ಮುಂದುವರಿಸೋಣ ಅಂತ ಕೇಳಿದೆ, "ಹರಕೆ ಏನಂತ ಹೊತ್ತಿದ್ದಿರಿ?"

ಅವರು ತಕ್ಷಣ ಉತ್ತರಿಸಲಿಲ್ಲ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ, "ಇಬ್ಬರ ಹೆಸರಲ್ಲೂ ಹೊತ್ತಿದ್ದೆ. ಇಬ್ರೂ ಸೊಸೇರು ಮನೆಗೆ ಬಂದರೆ ಎರಡು ಸೀರೆ ಅಂತ. ಸೀರೆನೂ ತಂದಿಟ್ಟೆ, ಅವರಿನ್ನೂ ಆಸ್ಪತ್ರೇಲಿದ್ದಾಗಲೇ. ಈಗ ಒಬ್ಬಳು ಬಂದ್ಲು. ನಾನು ಅರ್ಧ ಹರಕೆ ತೀರಿಸಬೇಕಾ, ಪೂರ್ತಿ ತೀರಿಸಬೇಕಾ? ಒಂದೇ ಕೊಟ್ರೆ ಇನ್ನೊಂದನ್ನ ಏನು ಮಾಡ್ಲಿ? ದರಗಿಗೆ ಹೋಗಿ ಅಂತ ಕಳಿಸಿದವಳೂ ನಾನೇ ಅಲ್ವಾ."

ಇಪ್ಪತ್ತು ವರ್ಷ ಈ ಕೆಲಸ ಮಾಡಿದ್ದೇನೆ, ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಸೊಸೆ ಅತ್ತೆಯನ್ನೇ ನೋಡುತ್ತಿದ್ದಳು. ಕೊನೆಗೆ ಕೇಳಿದಳು, "ಅವಳ ಹೆಸರಿಂದು ಯಾವ ಬಣ್ಣ ಅತ್ತೆ?"

"ಹಸಿರು."

"ಅವಳಿಗೆ ಹಸಿರು ಆಗ್ತಿರಲಿಲ್ಲ."

"ಗೊತ್ತು ಮಾರಾಯ್ತಿ. ಅಂಗಡೀಲಿ ಆ ರೇಟಿಗೆ ಬೇರೆ ಇರಲಿಲ್ಲ."

ಇಬ್ಬರಿಗೂ ಒಟ್ಟಿಗೆ ನಗು ಬಂತು, ನಗು ಮುಗಿಯುವ ಮೊದಲೇ ಅಳು. ನಾನು ನೀರಿನ ಲೋಟ ಮುಂದಿಟ್ಟು ಕಿಟಕಿ ಕಡೆ ತಿರುಗಿದೆ. ಮಳೆ ಜೋರಾಗಿತ್ತು, ಒಳ್ಳೆಯದೇ ಆಯಿತು. ಎಷ್ಟೋ ತಿಂಗಳಿಂದ ಆ ಮನೆಯಲ್ಲಿ ಸತ್ತವಳ ಹೆಸರೆತ್ತಿ ಇಬ್ಬರೂ ಮಾತಾಡಿರಲಿಲ್ಲವಂತೆ. 'ದೇವರು ಕಾಪಾಡಿದ' ಅನ್ನೋ ಒಂದು ಮಾತು ಮಾತ್ರ ದಿನಾ ನಡೀತಿತ್ತು, ಅತ್ತೆಗೆ ಅದು ಔಷಧಿ, ಸೊಸೆಗೆ ಅದು ಮುಳ್ಳು, ಪಕ್ಕದ ಕೋಣೆಯಲ್ಲಿ ಹೋಂವರ್ಕ್ ಬರೆಯುವ ಮಗುವಿಗೆ ಏನಾಗಿ ಕೇಳುತ್ತಿತ್ತೋ.

ಆ ದಿನ ಕೊಟ್ಟ ಸಲಹೆ ದೊಡ್ಡದೇನೂ ಅಲ್ಲ. ಹರಕೆಗೆ ದಿನ ಗೊತ್ತು ಮಾಡಬೇಡಿ, ಸೊಸೆ ತಾನಾಗಿ ಹೋಗೋಣ ಅಂದಾಗ ಹೋಗಿ. ಮಗುವಿನ ಮುಂದೆ 'ದೇವರು ಕಾಪಾಡಿದ' ಅನ್ನೋ ಮಾತು ಬೇಡ, ಕೊನೆಪಕ್ಷ ಈ ವರ್ಷ. ದೀಪ ಹಚ್ಚಬೇಕು ಅನಿಸಿದರೆ ಹಚ್ಚಲಿ, ಏನೂ ಬೇಡಿಕೊಳ್ಳದೆ, ಏನೂ ಒಪ್ಪಿಸದೆ ಹಚ್ಚಿದರೂ ದೀಪ ಉರಿಯುತ್ತೆ. ಸಿಟ್ಟಿದ್ದರೆ ಅಮ್ಮನವರ ಮುಂದೆ ನಿಂತು ಸಿಟ್ಟನ್ನೇ ಹೇಳಲಿ. ಇನ್ನೊಂದು, ಜ್ವರ ಬಂದ ಎರಡನೇ ದಿನವೇ ಇವರನ್ನು ರಕ್ತ ಪರೀಕ್ಷೆಗೆ ಎಳೆದುಕೊಂಡು ಹೋದ ಆಶಾ ಕಾರ್ಯಕರ್ತೆ, ರಾತ್ರಿ ಜೀಪು ಓಡಿಸಿದ ಪಕ್ಕದ ಮನೆ ಹುಡುಗ, ಇವರಿಗೆ ಇನ್ನೂ ಯಾರೂ ಒಂದು ಮಾತು ಹೇಳಿಲ್ಲ ಅಂತ ಗೊತ್ತಾಯಿತು. ಅಲ್ಲಿಂದ ಶುರು ಮಾಡಿ ಅಂದೆ. ಅದಕ್ಕೆ ಸೊಸೆ ತಕ್ಷಣ ಒಪ್ಪಿದಳು. ಅವರಿಗೆ ಥ್ಯಾಂಕ್ಸ್ ಹೇಳಿದರೆ ಸತ್ತವಳಿಗೆ ಅನ್ಯಾಯ ಆಗಲ್ಲವಲ್ಲ.

ಇದರ ಬಗ್ಗೆ ಎರಡೂ ಕಡೆಯಿಂದ ಬೈಸಿಕೊಂಡಿದ್ದೇನೆ. ಅವರ ಸಂಬಂಧಿಕರೊಬ್ಬರು ಫೋನ್ ಮಾಡಿ, ಕೌನ್ಸೆಲಿಂಗ್ ಹೆಸರಲ್ಲಿ ಹರಕೆ ಮುಂದೂಡಿಸ್ತೀರಾ, ನಾಳೆ ಏನಾದ್ರೂ ಆದರೆ ಹೊಣೆ ಯಾರು ಅಂದರು. ಜೊತೆಯಲ್ಲಿ ಕೆಲಸ ಮಾಡುವ ಗೆಳತಿ, ಹರಕೆ ವಿಷಯಕ್ಕೆ ನೀನು ಕೈ ಹಾಕಿದ್ದೇ ತಪ್ಪು ಅಂದಳು. ನಾನೂ ದೇವರನ್ನು ನಂಬುವವಳೇ. ಆಗುಂಬೆ ಘಾಟಿಯ ತಿರುವಿನಲ್ಲಿ ಒಮ್ಮೆ ನಮ್ಮ ಕಾರು ಜಾರಿ, ಕಟ್ಟೆಗೆ ತಾಗಿ ನಿಂತಿತ್ತು, ಆಮೇಲೆ ಆ ದಾರಿಯಲ್ಲಿ ಹೋದಾಗಲೆಲ್ಲ ಅಲ್ಲಿ ಕೈ ಮುಗಿಯುತ್ತೇನೆ. ಆದರೆ ಅವತ್ತು ಕಾರಿನಲ್ಲಿದ್ದ ಎಲ್ಲರೂ ಉಳಿದಿದ್ದೆವು. ನನ್ನ ಕೈ ಮುಗಿಯುವುದು ಎಷ್ಟು ಸುಲಭದ್ದು ಅಂತ ಇವರಿಬ್ಬರನ್ನು ನೋಡಿದ ಮೇಲೇ ಗೊತ್ತಾದದ್ದು. ಉಪಕಾರ ಸ್ಮರಣೆ ಉಳಿದವರ ಬಾಯಿಂದ ಬರಬೇಕು, ಅದೂ ಅವರ ಹೊತ್ತಿಗೆ. ಅವರ ಪರವಾಗಿ ಇನ್ಯಾರೋ ಹೇಳಿಬಿಟ್ಟರೆ ಅವರಿಗೆ ಹೇಳೋಕೆ ಏನೂ ಉಳಿಯುವುದಿಲ್ಲ. ಇದು ನನ್ನ ನಂಬಿಕೆ, ಸಾಕ್ಷಿ ಕೇಳಿದರೆ ಈ ಕೋಣೆಯಲ್ಲಿ ಕಂಡವರನ್ನು ಬಿಟ್ಟು ಬೇರೆ ಸಾಕ್ಷಿ ಇಲ್ಲ.

ಅರ್ಧವೋ ಪೂರ್ತಿಯೋ ಅನ್ನೋ ಪ್ರಶ್ನೆಗೆ ನಾನು ಉತ್ತರ ಕೊಡಲಿಲ್ಲ. ನಾನು ಭಟ್ಟರಲ್ಲ, ಮೈಮೇಲೆ ದೇವರು ಬರುವ ಪಾತ್ರಿಯೂ ಅಲ್ಲ. ನೀವಿಬ್ಬರೇ ಕೂತು ಮಾತಾಡಿ ಅಂದೆ, ಅಷ್ಟೇ.

ದೀಪಾವಳಿ ಕಳೆದ ಮೇಲೆ ಅತ್ತೆಯ ಫೋನ್ ಬಂತು. ಸೊಸೆಯೇ ಹೊರಡೋಣ ಅಂದಳಂತೆ, ಮಗುವನ್ನೂ ಕರೆದುಕೊಂಡು ಹೋಗಿದ್ದರು. ಕೆಂಪು ಸೀರೆ ಕೊಟ್ಟು ಬಂದರು. ಹಸಿರಿನದ್ದು ಇನ್ನೂ ಬೀರುವಿನಲ್ಲಿದೆ. "ಬದಲಾಯಿಸಿ ನೀಲಿ ಕೊಡ್ತೀಯಾ ಅಂತ ಅಂಗಡಿಯವನ್ನ ಕೇಳಿದೆ, ಅವಳಿಗೆ ನೀಲಿ ಇಷ್ಟ. ಬಿಲ್ ಬೇಕಂತೆ ಅಮ್ಮಾ. ಬಿಲ್ಲು ಎಲ್ಲಿಂದ ತರ್ಲಿ, ಆವಾಗ ಯಾರಿಗೆ ಅದರ ಜ್ಞಾನ ಇತ್ತು?"